ಅಕ್ರೋಟು ಮರದ ಹಿಡಿ

ನನ್ನ ತಮ್ಮ ಆರ್ಲನ್‌ಗೆ ಕೋವಿಯಲ್ಲಿ ಒಂದು ಸ್ಕ್ರೂ ತಪ್ಪಾಗಿದ್ದರೆ ನಿದ್ದೆ ಬರುವುದಿಲ್ಲ. ಅವನಿಗೆ ಬರದಿದ್ದರೆ ಹಾಳಾಗಿ ಹೋಗಲಿ, ನನಗೂ ಬರಗೊಡುವುದಿಲ್ಲ. ನನ್ನ ಮನೆಯ ನೆಲಮಾಳಿಗೆಯಲ್ಲಿ ಠಿಕಾಣಿ ಹೂಡಿದ್ದಾನಲ್ಲ, ಬೆಳಗಾಗುತ್ತಲೇ ಮೆಟ್ಟಿಲು ಹತ್ತಿ ಬಂದು ನನ್ನ ಕಾಫಿಯ ಮುಂದೆ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕೂರುತ್ತಾನೆ.

"ಅಕ್ಕಾ, ಕೋವಿ ನಲವತ್ತೆರಡನೇ ಇಸವೀದು. ಈ ಸ್ಕ್ರೂ ನಲವತ್ತನಾಲ್ಕರದ್ದು."

"ಅದಕ್ಕೇನೋ ಮಾಡ್ಲಿ? ಅಳ್ಲಾ?"

"ತಪ್ಪು ಸ್ಕ್ರೂ ಅಕ್ಕಾ."

"ತಪ್ಪು ನಂದು ಕಣೋ. ನಿನ್ನನ್ನ ಮನೆ ಒಳಗೆ ಬಿಟ್ಕೊಂಡೆ ನೋಡು, ಅದು."

ಸೈನ್ಯದ ಚರೆಕೋವಿಗಳು, ಅವು ಮಾತ್ರ ಅವನಿಗೆ ಬೇಕು. ಬಾತುಕೋಳಿ ಹೊಡೆಯುವ ಕೋವಿಯನ್ನು ಪುಕ್ಕಟೆ ಕೊಟ್ಟರೂ ಮೂಸಿ ನೋಡುವುದಿಲ್ಲ. ಜೀವಮಾನದಲ್ಲಿ ಒಂದು ಗುಬ್ಬಿಯನ್ನೂ ಹೊಡೆದವನಲ್ಲ, ತೋಟಾ ಸಿಡಿದ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಪುಕ್ಕಲ. ಆದರೆ ಕಂದಕದಲ್ಲಿ ಕೂತವರಿಗೆ ಕೊಟ್ಟ ಕೋವಿ ಯಾವುದು, ಯುದ್ಧಕೈದಿಗಳನ್ನು ಕಾಯುವವರಿಗೆ ಕೊಟ್ಟದ್ದು ಯಾವುದು, ಯಾವ ತಿಂಗಳಿಂದ ಯಾವ ಮುದ್ರೆ ಒತ್ತಿದರು ಅಂತ ಕೇಳಿ, ಸಂಜೆಯಾದರೂ ನಿಮ್ಮನ್ನು ಬಿಟ್ಟರೆ ಕೇಳಿ. ಇವನ ಜಾತಿಯ ಜನ ಇನ್ನೂ ಇದ್ದಾರೆ. ಎಲ್ಲರದ್ದೂ ಒಂದೇ ಹುಚ್ಚು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇದ್ದರೆ ಅದು 'ಸರಿ' ಕೋವಿ. ಆಮೇಲೆ ಯಾರಾದರೂ ಏನಾದರೂ ಬದಲಾಯಿಸಿದ್ದರೆ 'ತಪ್ಪು' ಕೋವಿ. ತಪ್ಪು ಕೋವಿ ಸಿಕ್ಕಿದರೆ ತಪ್ಪಾದ ಭಾಗ ಕಿತ್ತೆಸೆದು, ಎಲ್ಲಿಂದಲೋ ಸರಿಯಾದ ಭಾಗ ಹುಡುಕಿ ತಂದು ಜೋಡಿಸುತ್ತಾರೆ. ಅದಕ್ಕೆ 'ಸರಿಪಡಿಸೋದು' ಅಂತ ಹೆಸರು. ಚರ್ಚಿನಲ್ಲಿ ಪಾದ್ರಿ ಪಾಪಿಗಳನ್ನು ಸರಿಪಡಿಸುವಾಗಲೂ ಇಷ್ಟು ಗಂಭೀರವಾಗಿರುವುದಿಲ್ಲ.

ಆರ್ಲನ್‌ಗೆ ಮೂರ್ಛೆರೋಗ. ಅದಕ್ಕೇ ಸರ್ಕಾರ ಅವನ ಡ್ರೈವಿಂಗ್ ಲೈಸೆನ್ಸ್ ಕಿತ್ತುಕೊಂಡಿತು. ನೆಬ್ರಾಸ್ಕಾದಲ್ಲಿ ಕಾರು ಓಡಿಸದವನು ಕಾಲಿಲ್ಲದವನ ಹಾಗೆ. ನಾನೋ ಇಡೀ ಆಯುಷ್ಯ ಶಾಲೆಯ ಬಸ್ಸು ಓಡಿಸಿದವಳು. ಪರರ ಮಕ್ಕಳನ್ನು ಹೊತ್ತು ಸಾಕಾಗಿ ನಿವೃತ್ತಿ ತಗೊಂಡರೆ, ಐವತ್ತೆಂಟು ವರ್ಷದ ಈ ಮಗು ಹಿಂದಿನ ಸೀಟಿನಲ್ಲಿ ಕೋವಿ ಮಲಗಿಸಿಕೊಂಡು "ಅಕ್ಕಾ, ಹೊರಡೋಣ್ವಾ" ಅಂತ ನಿಂತಿರುತ್ತದೆ. ನನ್ನ ಕರ್ಮ.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಪಕ್ಕದ ಊರಿನ ಒಂದು ತೋಟದಮನೆಯ ಸಾಮಾನು ಹರಾಜಾಯಿತು. ಆ ಮನೆಯ ಹೆಂಗಸು ಲುವೆಲಾ, ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಗಂಡ ಆ ವಸಂತದಲ್ಲೇ ತೀರಿಕೊಂಡಿದ್ದ, ಮಕ್ಕಳಿಲ್ಲ. ಅಣ್ಣನ ಮಗನೊಬ್ಬ ಇದ್ದ, ಅವಳು ಇನ್ನು ಏಳುವುದಿಲ್ಲ ಅಂತ ತಾನೇ ತೀರ್ಮಾನ ಮಾಡಿ ಮಂಚ, ಮೇಜು, ಕಪಾಟು ಎಲ್ಲವನ್ನೂ ಅಂಗಳದಲ್ಲಿ ಜೋಡಿಸಿ ಮಾರಿಬಿಟ್ಟ. ಕಪಾಟಿನ ಹಿಂದೆ ಇದ್ದ ಕೋವಿ ನನ್ನ ತಮ್ಮನ ಪಾಲಾಯಿತು.

ಗಿಡ್ಡ ನಳಿಗೆಯ, ಕೈದಿಗಳನ್ನು ಕಾಯುವವರ ಕೋವಿ. ಕಬ್ಬಿಣದ ಮೇಲೆ ಸೈನ್ಯದ ಮುದ್ರೆ ಅಚ್ಚುಕಟ್ಟಾಗಿತ್ತು. ಆರ್ಲನ್ ಕಾರಿನಲ್ಲಿ ಕುಣಿಯುವುದೊಂದು ಬಾಕಿ. ಆದರೆ ಹೆಗಲಿಗೆ ಒರಗಿಸುವ ಮರದ ಹಿಡಿ ನೋಡಿದವನೇ ಮುಖ ಹುಳ್ಳಗೆ ಮಾಡಿದ.

"ಥೂ, ಇದು ಕಾರ್ಖಾನೇದಲ್ಲ. ಯಾವನೋ ಮನೇಲಿ ಕೆತ್ತಿದಾನೆ. ನೋಡು, ಮುದ್ರೆ ಇಲ್ಲ. ಕೆನ್ನೆ ಇಡೋ ಕಡೆ ಬಲಗಡೆ ಬಟ್ಟಲಿನ ಥರ ಕೆರೆದಿದಾನೆ. ಕಟುಕ!"

"ಚೆನ್ನಾಗೇ ಇದ್ಯಲ್ಲೋ. ನುಣ್ಣಗಿದೆ."

"ನುಣ್ಣಗಿದ್ರೆ ಆಯ್ತಾ? ತಪ್ಪು ಹಿಡಿ ಅದು."

ಆ ಹಿಡಿಗೆ ಬದಲಾಗಿ ಸರಿಯಾದ ಹಿಡಿ ಹುಡುಕಿಕೊಂಡು ನನ್ನನ್ನು ಅಯೋವಾ, ಕಾನ್ಸಾಸ್, ಮಿಸೌರಿ ಎಲ್ಲ ಸುತ್ತಿಸಿದ. ಕೊನೆಗೂ ಒಂದು ಸಿಕ್ಕಿತು, ಮುದ್ರೆ ಗಿದ್ರೆ ಎಲ್ಲ ಇದ್ದದ್ದು. ಹಬ್ಬದ ಹಾಗೆ ಜೋಡಿಸಿದ. ಹಳೆಯ ಹಿಡಿಯನ್ನು ಡೆಲ್ಮರ್ ಅನ್ನುವ ಬಿಡಿಭಾಗದ ವ್ಯಾಪಾರಿಯ ಗುಜರಿ ಪೆಟ್ಟಿಗೆಗೆ ಎಸೆದು ಕೈ ತೊಳೆದುಕೊಂಡ. ಅಲ್ಲಿಗಾದರೂ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ?

ಈಗ ಕೋವಿಯ ಚರಿತ್ರೆ ಬೇಕಂತೆ. ಶರತ್ಕಾಲದ ಪ್ರದರ್ಶನದಲ್ಲಿ ಅದನ್ನು ಮೇಜಿನ ಮೇಲೆ ಇಡಬೇಕು, ತೀರ್ಪುಗಾರರು ಬಂದು ನೋಡುತ್ತಾರೆ, ಯುದ್ಧಕಾಲದಲ್ಲಿ ಇದು ಎಲ್ಲಿತ್ತು, ಯಾರ ಕೈಯಲ್ಲಿತ್ತು ಅಂತ ಹೇಳಿದರೆ ಮೊದಲ ಬಹುಮಾನದ ನೀಲಿ ರಿಬ್ಬನ್ ಗ್ಯಾರಂಟಿ. ಲುವೆಲಾ ಸಾಯಲಿಲ್ಲ, ಊರಿನ ವೃದ್ಧಾಶ್ರಮದಲ್ಲಿದ್ದಾಳೆ ಅಂತ ಪತ್ತೆ ಮಾಡಿದ್ದ.

"ಕೋವಿ ತೋರಿಸಿ ಕೇಳೋಣ ಅಕ್ಕಾ. ನೋಡಿದ್ರೆ ಖುಷಿಯಾಗ್ತಾಳೆ."

ವೃದ್ಧಾಶ್ರಮದೊಳಗೆ ಕೋವಿ ತಗೊಂಡು ಹೋಗಲು ಬಿಡುತ್ತಾರೆಯೇ? ಅಲ್ಲಿನ ಮೇಲ್ವಿಚಾರಕಿ ನಮಗೆ ಚೆನ್ನಾಗಿ ಮಂಗಳಾರತಿ ಎತ್ತಿದಳು. ಕಟ್ಟಡದೊಳಗೆ ಬೇಡ, ಅಂಗಳದಲ್ಲೂ ಬೇಡ, ಕಾರು ನಿಲ್ಲಿಸುವ ಜಾಗದಲ್ಲೂ ಕೂಡದು. ಆಮೇಲೆ ನಾನೇ ಲುವೆಲಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ರಸ್ತೆ ದಾಟಿಸಿ, ಎದುರಿನ ಲುಥೆರನ್ ಚರ್ಚಿನ ಅಂಗಳಕ್ಕೆ ತಳ್ಳಿಕೊಂಡು ಹೋದೆ. ಈ ವರ್ಷದ ಜೂನ್ ತಿಂಗಳ ಬಿಸಿಲು. ನನ್ನ ಬೆನ್ನು ಬಿದ್ದುಹೋಯಿತು. ಆರ್ಲನ್ ಮಾತ್ರ ಟೇಪ್ ರೆಕಾರ್ಡರ್ ಹಿಡಿದು ಮದುಮಗನ ಹಾಗೆ ಮೊದಲೇ ಅಲ್ಲಿ ತಂದು ನಿಲ್ಲಿಸಿದ್ದ ಕಾರಿನ ಪಕ್ಕ ನಿಂತಿದ್ದ.

ಲುವೆಲಾಗೆ ಎಪ್ಪತ್ತರ ಹತ್ತಿರ. ಕಣ್ಣು ಹೆಚ್ಚುಕಡಿಮೆ ಹೋಗಿದೆ, ನಡುವೆ ಕತ್ತಲು, ಅಂಚಿನಲ್ಲಷ್ಟೇ ಬೆಳಕು ಅಂದಳು. ಆದರೆ ನಾಲಿಗೆ ಗಟ್ಟಿ.

"ಕೋವಿ ನಿಮ್ಮ ಹತ್ರ ಇದ್ಯಂತಲ್ಲ, ಹೋದ ಪ್ರಾಣ ಬಂದ ಹಾಗಾಯ್ತು ನೋಡಿ," ಅಂತ ನನ್ನ ಕೈ ಹಿಡಿದುಕೊಂಡಳು. "ಆ ನಮ್ಮಣ್ಣನ ಮಗ ನನ್ನ ಗಂಡ ಮಾಡಿದ್ದೆಲ್ಲಾ ಮಾರಿಬಿಟ್ಟ ಕಣಮ್ಮಾ. ಮಂಚ, ಮೇಜು, ಒಂದೂ ಉಳಿಸ್ಲಿಲ್ಲ. ಎಲ್ಲಿ, ಕೊಡಿ ಇಲ್ಲಿ."

ಆರ್ಲನ್ ಕೋವಿಯನ್ನು ಕಂಬಳಿಯಿಂದ ಬಿಡಿಸಿ ಅವಳ ತೊಡೆಯ ಮೇಲಿಟ್ಟ. ಅವಳು ಕಬ್ಬಿಣ ಮುಟ್ಟಲೇ ಇಲ್ಲ. ಎರಡೂ ಕೈಯಿಂದ ಮರದ ಹಿಡಿಯನ್ನು ಸವರಿದಳು, ಎತ್ತಿ ಎಡ ಹೆಗಲಿಗೆ ಒರಗಿಸಿ ಕೆನ್ನೆ ಇಟ್ಟಳು. ತಕ್ಷಣ ತೆಗೆದಳು.

"ಇದು ನಮ್ಮದಲ್ಲ."

"ನಿಮ್ಮದೇ ಅಮ್ಮಾ," ಅಂದ ಆರ್ಲನ್.

"ಅಲ್ಲಪ್ಪಾ."

"ನಂಬರ್ ನೋಡಿ, ಹರಾಜಿನಲ್ಲಿ ಕೊಟ್ಟ ಚೀಟಿಯಲ್ಲೂ ಇದೇ ನಂಬರ್..."

"ನಂಬರ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಮರ ಎಲ್ಲಿ?"

ನನ್ನ ತಮ್ಮನಿಗೆ ದೇವರು ಸಂಖ್ಯೆಗಳನ್ನು ನೆನಪಿಡುವ ತಲೆ ಕೊಟ್ಟ, ಎದುರಿನವರ ಮುಖ ಓದುವ ಬುದ್ಧಿ ಕೊಡಲಿಲ್ಲ. ಹಲ್ಲು ಬಿಟ್ಟುಕೊಂಡು ಹೇಳಿಬಿಟ್ಟ: "ಓ, ಆ ತಪ್ಪು ಹಿಡೀನಾ? ಯಾವನೋ ಕಟುಕ ಕೆತ್ತಿದ್ದು. ಕಿತ್ತು ಬಿಸಾಕಿದೀನಿ ಅಮ್ಮಾ, ಈಗ ಪೂರ್ತಿ ಸರಿಯಾಗಿದೆ!"

ಲುವೆಲಾ ಕೋವಿಯನ್ನು ತೊಡೆಯಿಂದ ಆಚೆ ತಳ್ಳಿದಳು, ಅದು ಬೀಳುವಷ್ಟರಲ್ಲಿ ನಾನು ಹಿಡಿದುಕೊಂಡೆ. ಭೂಮಿ ಬಾಯಿ ಬಿಟ್ಟು ನನ್ನನ್ನೂ ನನ್ನ ತಮ್ಮನನ್ನೂ ಆ ಟೇಪ್ ರೆಕಾರ್ಡರನ್ನೂ ನುಂಗಬಾರದೇ ಅನ್ನಿಸಿತು.

"ಕಟುಕನಲ್ಲಪ್ಪಾ, ನನ್ನ ಗಂಡ," ಅಂದಳು ಕೊನೆಗೆ. "ಓಟ್ಮಾರ್."

ಆಮೇಲೆ ಹೇಳಿದಳು. ನಲವತ್ತನಾಲ್ಕರಲ್ಲಿ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಕೀಳಲು ಅವರ ಹೊಲಕ್ಕೆ ಜರ್ಮನ್ ಕೈದಿಗಳನ್ನು ಕಳಿಸುತ್ತಿದ್ದರು. ಆ ವಾರಗಳಲ್ಲಿ ಅವರ ವಾಸ ಊರಿನ ಜಾನುವಾರು ಪ್ರದರ್ಶನದ ಶೆಡ್ಡಿನಲ್ಲಿ. ಕಾಯಲು ಹಾಲಿಸ್ ಅನ್ನುವ ಒಬ್ಬ ಸಿಪಾಯಿ, ಎಡಚ, ಊಟ ಆದ ಮೇಲೆ ಮರದ ಕೆಳಗೆ ಗೊರಕೆ ಹೊಡೆಯುವವ. ಒಂದು ಮಧ್ಯಾಹ್ನ ಅವನು ಕೋವಿಯನ್ನು ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿಸಿ ಮಲಗಿದ, ಲುವೆಲಾಳ ಅಪ್ಪ ನೋಡದೆ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆದ. ಕಬ್ಬಿಣ ಉಳಿಯಿತು, ಮರದ ಹಿಡಿ ಚೂರುಚೂರು. ಶನಿವಾರ ಮೇಲಧಿಕಾರಿ ತಪಾಸಣೆಗೆ ಬರುತ್ತಾನೆ. ಹಾಲಿಸ್ ಹೆಂಗಸರ ಹಾಗೆ ಅತ್ತ.

"ಕೈದಿಗಳ ಪೈಕಿ ಓಟ್ಮಾರ್ ಬಡಗಿ. ನಮ್ಮಮ್ಮನ ಕಪಾಟಿಗೆ ಅಂತ ಇಟ್ಟಿದ್ದ ಅಕ್ರೋಟು ಹಲಗೆ ನಮ್ಮಪ್ಪ ಅವನಿಗೆ ಕೊಟ್ರು. ಕಣಜದಲ್ಲಿ ಕೂತು ಕೆತ್ತಿದ. ಕೆನ್ನೆ ಇಡೋ ಜಾಗ ಎಡಚನಿಗೆ ಹೊಂದ್ಬೇಕಲ್ಲ, ಅದಕ್ಕೆ ಹಾಲಿಸ್ ಅಲ್ಲಿ ಇರ್ಬೇಕು. ಅವನೋ ಊಟ ಆಯ್ತು ಅಂದ್ರೆ ಗೊರಕೆ. ನಾನು ಕಾಫಿ ತಗೊಂಡು ಹೋಗಿದ್ದೆ. ಓಟ್ಮಾರ್ ಇಲ್ಲಿ ಬಾ ಅಂತ ಕೈ ಮಾಡ್ದ. ಮರ ನನ್ನ ಎಡ ಹೆಗಲಿಗೆ ಕೊಟ್ಟು, ನನ್ನ ಕೆನ್ನೆ ಇಟ್ಟು ನೋಡೋನು, ತೆಗೆಯೋನು, ಒಂಚೂರು ಕೆರೆಯೋನು, ಮತ್ತೆ ಇಡೋನು. ನನಗೆ ಹದಿನೇಳು. ಅವನ ಭಾಷೆ ಒಂದು ಮಾತೂ ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಗೊತ್ತಿಲ್ಲ. ಮೂರು ಮಧ್ಯಾಹ್ನ ಹೀಗೇ." ಅವಳು ನಕ್ಕಳು. "ಬೇಗ ಮುಗಿಸಬಹುದಿತ್ತು ಕಣಮ್ಮಾ. ಕಳ್ಳ, ಬೇಕಂತಲೇ ಎಳೀತಿದ್ದ. ಹಾಲಿಸ್‌ನ ದಪ್ಪ ಮುಖ ಅದರೊಳಗೆ ಹಿಡಿಸಲೇ ಇಲ್ಲ. ಬೈಕೊಂಡೇ ಓಡಾಡ್ದ."

ಯುದ್ಧ ಮುಗಿದು, ಶಿಬಿರದ ಸಾಮಾನು ಮಾರುವಾಗ ಹಾಲಿಸ್ ಆ ಕೋವಿ ಕೊಂಡನಂತೆ. ಕೆಲವು ವರ್ಷದ ಮೇಲೆ ಓಟ್ಮಾರ್ ಜರ್ಮನಿಯಿಂದ ಹಡಗು ಹತ್ತಿ ವಾಪಸ್ ಬಂದು ಲುವೆಲಾಳನ್ನು ಮದುವೆಯಾದಾಗ, ಇದು ನಿಮಗೇ ಸರಿ ಅಂತ ಹಾಲಿಸ್ ಉಡುಗೊರೆ ಕೊಟ್ಟ.

"ಕೋವಿ ನೀನೇ ಇಟ್ಕೊಳಪ್ಪಾ. ಕಬ್ಬಿಣ ಯಾರಿಗೆ ಬೇಕು? ಕಣ್ಣಂತೂ ಹೋಯ್ತು, ಅವನ ಫೋಟೋ ಕೂಡ ನಂಗೆ ಕಾಣ್ಸಲ್ಲ. ಆ ಮರ ಒಂದಿದ್ದಿದ್ರೆ ಮುಟ್ಕೊಂಡಾದ್ರೂ ಇರ್ತಿದ್ದೆ."

ವಾಪಸ್ ಬರುವಾಗ ನಾನು ಬಾಯಿ ಬಿಟ್ಟರೆ ಮುಗಿಯಿತು, ತಮ್ಮನನ್ನು ರಸ್ತೆಯಲ್ಲೇ ಇಳಿಸಿಬಿಡುತ್ತೇನೆ ಅನ್ನುವಷ್ಟು ಸಿಟ್ಟು. ಅವನೇ ಶುರು ಮಾಡಿದ.

"ನಂಗೆ ಹೇಗೆ ಗೊತ್ತಾಗ್ಬೇಕಿತ್ತು ಅಕ್ಕಾ? ಮುದ್ರೆ ಇರ್ಲಿಲ್ಲ."

"ಮುದ್ರೆಯಂತೆ ಮುದ್ರೆ! ಬಾಯಿ ಮುಚ್ಕೊಂಡು ಕೂತ್ಕೋ."

ಬಾಯಿ ಮುಚ್ಚಿಕೊಂಡ. ಮರುದಿನ ಬೆಳಿಗ್ಗೆ ಮೇಲೆ ಬಂದವನ ಮುಖ ಅದೇ ಹರಳೆಣ್ಣೆ ಮುಖ. ಕಣ್ಣು ಕೆಂಪಗಿತ್ತು.

"ನಿದ್ದೆ ಬರ್ಲಿಲ್ಲ ಅಕ್ಕಾ. ಆ ಕೋವೀಲಿ ತಪ್ಪು ಹಿಡಿ ಇದೆ."

"ಯಾವ ಕೋವಿ?"

"ಲುವೆಲಾದು. ನಾನು ಹಾಕಿದ್ನಲ್ಲ, ಅದು."

ನಾನು ಕಾರಿನ ಬೀಗದಕೈ ತೆಗೆದುಕೊಂಡೆ.

ಡೆಲ್ಮರ್ ಇರುವುದು ಕಾನ್ಸಾಸ್ ಗಡಿಯಲ್ಲಿ. ಅವನ ಶೆಡ್ಡಿನ ತೊಲೆಗಳಿಗೆ ಕೋವಿಯ ಹಿಡಿಗಳನ್ನು ಜೋಳದ ತೆನೆ ನೇತುಹಾಕಿದ ಹಾಗೆ ನೇತುಹಾಕಿದ್ದಾನೆ. ಆರ್ಲನ್ ಏಣಿ ಹತ್ತಿ ಒಂದೊಂದನ್ನೇ ತಿರುಗಿಸಿ ನೋಡಿದ. ನಾನು ಪೆಟ್ಟಿಗೆಗಳಿಗೆ ಕೈ ಹಾಕಿ ತಡಕಾಡಿದೆ, ಮೈಯೆಲ್ಲ ಎಣ್ಣೆ, ಜೇಡ, ಧೂಳು. ಊಟದ ಹೊತ್ತು ಮೀರಿತು. ಡೆಲ್ಮರ್ ಮಾತ್ರ ಕುರ್ಚಿಯಲ್ಲಿ ಕೂತು ಎಲೆಕೋಸು ಮಾಂಸದ ಬನ್ ತಿನ್ನುತ್ತಾ ತಮಾಷೆ ನೋಡುತ್ತಿದ್ದ.

"ಅಕ್ಕೋ, ಏನು ಹುಡುಕ್ತಿದೀರ ಹೇಳಿದ್ರೆ ನಾನೂ ಹುಡುಕ್ತೀನಪ್ಪ."

ಸೆಕೆಗೆ ಗಾಳಿ ಬರಲಿ ಅಂತ ನಾನು ಕಿಟಕಿಯ ಕಡೆ ಹೋದೆ. ಕಿಟಕಿ ಮೇಲಕ್ಕೆತ್ತಿದ್ದರು. ಕೆಳಗೆ ಬೀಳದಿರಲಿ ಅಂತ ಒಂದು ಮರದ ತುಂಡು ಊರಿ ನಿಲ್ಲಿಸಿದ್ದರು. ಬಲಗಡೆ ಬಟ್ಟಲಿನ ಹಾಗೆ ಕೆರೆದಿದ್ದ ತುಂಡು.

"ಅಯ್ಯೋ ದೇವರೇ! ಆರ್ಲನ್, ಇಳಿಯೋ ಕೆಳಗೆ!"

ನಾನು ಅಷ್ಟು ಜೋರಾಗಿ ಕಿರುಚಬಾರದಿತ್ತು. ಡೆಲ್ಮರ್ ಬನ್ ಕೆಳಗಿಟ್ಟ. ನಲವತ್ತು ವರ್ಷ ವ್ಯಾಪಾರ ಮಾಡಿದವನಿಗೆ, ಎದುರಿನವನ ಕುತ್ತಿಗೆ ಕೈಗೆ ಸಿಕ್ಕಿದ್ದು ಗೊತ್ತಾಗುವುದಿಲ್ಲವೇ?

"ಅದಾ? ಅದು ನಂಗೆ ಬೇಕಲ್ಲ. ಕಿಟಕಿಗೆ ಭಾಳ ಚೆನ್ನಾಗಿ ಹೊಂದುತ್ತೆ."

"ಎಷ್ಟು ಬೇಕೋ?" ಅಂದೆ.

"ದುಡ್ಡು ಬೇಡಕ್ಕೋ. ಕಾರಲ್ಲಿ ಆರ್ಲನ್ ಕೋವಿ ಇದೆ ಅಲ್ವಾ? ಅದರ ಹಿಡಿ ಕೊಡ್ಲಿ. ಮರಕ್ಕೆ ಮರ."

ಹೊಟ್ಟೆ ಉರಿದುಹೋಯಿತು. ಮೂರು ರಾಜ್ಯ ಸುತ್ತಿ, ನನ್ನ ಬ್ಯೂಕ್ ಕಾರಿನ ಚಕ್ರ ಸವೆಸಿ ತಂದ ಹಿಡಿ! ಅಂಥದ್ದು ಇನ್ನೊಂದು ಸಿಗುವ ಹೊತ್ತಿಗೆ ನಾವಿಬ್ಬರೂ ಮಣ್ಣಾಗಿರುತ್ತೇವೆ ಅಂತ ನನ್ನ ತಮ್ಮನೇ ಹೇಳಿದ್ದ. ಡೆಲ್ಮರನಿಗೆ ನಾಲ್ಕು ಬೈಯಬೇಕು, ಅಥವಾ ತಮ್ಮನಿಗೆ ಒಪ್ಪಿಕೋ ಅಂತ ಬೈಯಬೇಕು, ಯಾರಿಗೆ ಮೊದಲು ಅಂತ ತಿರುಗಿ ನೋಡಿದರೆ ಆರ್ಲನ್ ಅಲ್ಲಿರಲಿಲ್ಲ. ಕಾರಿನಿಂದ ಕೋವಿ ತಂದು, ಡೆಲ್ಮರನ ಬೆಂಚಿನ ಮೇಲೆ ಮಲಗಿಸಿ, ಹಿಡಿ ಕಳಚಲು ಅದರ ಹಿಂಬದಿಯ ತಗಡು ಬಿಚ್ಚುತ್ತಿದ್ದ. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಮೂರ್ಛೆ ಬರುತ್ತದೇನೋ ಅಂತ ನಾನು ಹತ್ತಿರ ಹೋಗಿ ನಿಂತೆ.

"ಗೊಣಗಬೇಡ ಅಕ್ಕಾ," ಅಂದ.

"ನಾನೆಲ್ಲಿ ಗೊಣಗಿದೆನೋ?"

"ಗೊಣಗ್ತೀಯ ಅಂತ ಗೊತ್ತು."

ವೃದ್ಧಾಶ್ರಮದ ಬಾಗಿಲಲ್ಲಿ ಮೇಲ್ವಿಚಾರಕಿ ಮತ್ತೆ ಅಡ್ಡ ನಿಂತಳು. ಹಿಡಿಗೆ ಸುತ್ತಿದ್ದ ಟವೆಲ್ ಬಿಚ್ಚಿಸಿದಳು. "ಇದು ಕೋವೀದಲ್ವಾ?"

"ಇದು ಮರ ಕಣಮ್ಮಾ," ಅಂದೆ. "ಇದರಿಂದ ಗುಂಡು ಹಾರಿಸಿ ತೋರಿಸು, ನಿನ್ನ ಕಾಲಿಗೆ ಬೀಳ್ತೀನಿ. ಬಿಡು ದಾರಿ."

ಲುವೆಲಾ ಕಿಟಕಿಯ ಹತ್ತಿರ ಕೂತಿದ್ದಳು. ಆರ್ಲನ್ ಏನೂ ಹೇಳಲಿಲ್ಲ, ಅವತ್ತೊಂದು ದಿನ ದೇವರು ಅವನಿಗೆ ಬುದ್ಧಿ ಕೊಟ್ಟಿದ್ದ. ಹಿಡಿಯನ್ನು ಅವಳ ಕೈಗಿಟ್ಟ. ಅವಳ ಹೆಬ್ಬೆರಳು ಮರದ ಮೇಲೆ ಸರಿಯುತ್ತಾ ಹೋಗಿ ಆ ತಗ್ಗಿಗೆ ಬಂದು ನಿಂತಿತು. ನಿಧಾನವಾಗಿ ಎತ್ತಿ ಎಡ ಹೆಗಲಿಗೆ ಒರಗಿಸಿ ಕೆನ್ನೆ ಇಟ್ಟಳು. ಕೆನ್ನೆ ಜೋತುಬಿದ್ದಿದೆ, ಎಲುಬು ಎದ್ದಿದೆ, ಹದಿನೇಳರ ಕೆನ್ನೆಗೆ ಕೆರೆದ ಜಾಗದಲ್ಲಿ ಸರಿಯಾಗಿ ಕೂರಲೊಲ್ಲದು. ಆಚೆ ಈಚೆ ಸರಿಸಿ ನೋಡಿದಳು.

"ಮರ ಸರಿಯಾಗಿದೆ ಕಣಪ್ಪಾ," ಅಂದಳು ಆರ್ಲನ್‌ಗೆ. "ಕೆನ್ನೆ ತಪ್ಪಾಗಿದೆ." ನಗುತ್ತಲೇ ಅತ್ತಳು.

ನನ್ನ ತಮ್ಮ ಕಾರಿಡಾರಿಗೆ ಹೋಗಿ ಗೋಡೆ ನೋಡುತ್ತಾ ನಿಂತ. ನಾನು ನನ್ನ ಕೈಚೀಲದಲ್ಲಿ ಕರವಸ್ತ್ರ ಹುಡುಕಿದೆ, ಸಿಗಲಿಲ್ಲ, ಕೋವಿ ಒರೆಸುವ ಎಣ್ಣೆ ಬಟ್ಟೆ ಸಿಕ್ಕಿತು. ಅದರಲ್ಲೇ ಮೂಗು ಒರೆಸಿಕೊಂಡೆ. ಎರಡು ದಿನ ಮೂಗು ಉರಿಯಿತು.

ಶರತ್ಕಾಲದ ಪ್ರದರ್ಶನಕ್ಕೆ ಆ ಕೋವಿ ಬೇಡ ಕಣೋ, ಬೇರೆ ಯಾವುದಾದರೂ ಒಯ್ಯಿ ಅಂತ ಬಡಕೊಂಡೆ. ಕೇಳಿದರೆ ತಾನೇ? ಕೆಂಪು ಬಟ್ಟೆ ಹಾಸಿ, ಹಿಡಿ ಇಲ್ಲದ ಬೋಳು ಕೋವಿಯನ್ನು ನಡುವೆ ಇಟ್ಟ. ಹಿಡಿ ಇರಬೇಕಾದ ಕಡೆ ಅಷ್ಟೇ ಉದ್ದದ ಜಾಗ ಖಾಲಿ ಬಿಟ್ಟ. ಬಂದವರೆಲ್ಲ ನಕ್ಕರು. ತೀರ್ಪುಗಾರ ಭೂತಗನ್ನಡಿ ಹಿಡಿದು ಬಂದವನು, ತಲೆ ಆಡಿಸಿ ಪಕ್ಕದ ಮೇಜಿಗೆ ಹೋದ. ನೀಲಿ ರಿಬ್ಬನ್ ಆ ಪಕ್ಕದ ಮೇಜಿಗೇ ಹೋಯಿತು. ನನಗೆ ನಾಚಿಕೆಯಿಂದ ಮೈಯೆಲ್ಲ ಮುಳ್ಳು.

ಆಮೇಲೆ ಡೆಲ್ಮರ್ ಬಂದ. ಯಾರ ಬಾಯಿಂದಲೋ ಲುವೆಲಾಳ ಕಥೆ ಕೇಳಿದ್ದನಂತೆ. ಕಂಕುಳಲ್ಲಿ ಆ ಸರಿಯಾದ ಹಿಡಿ, ಮುದ್ರೆಯ ಸಮೇತ.

"ತಗೋ ಮಾರಾಯ. ಸುಮ್ನೆ ತಗೋ, ಏನೂ ಕೊಡ್ಬೇಡ. ಮೊದ್ಲೇ ಹೇಳಿದ್ರೆ ನಾನೇನು ರಾಕ್ಷಸನಾ? ಹಾಕ್ಕೋ ಕೋವಿಗೆ, ನೋಡೋಕ್ಕಾಗ್ತಿಲ್ಲ."

ನನಗೆ ಹೋದ ಜೀವ ಬಂತು. ತಗೊಳ್ಳೋ ಅಂತ ತಮ್ಮನ ಪಕ್ಕೆಗೆ ತಿವಿದೆ. ಆರ್ಲನ್ ಆ ಹಿಡಿಯನ್ನು ಕೈಗೆ ತಗೊಂಡು, ಮುದ್ರೆಯ ಮೇಲೆ ಒಮ್ಮೆ ಬೆರಳಾಡಿಸಿ, ವಾಪಸ್ ಕೊಟ್ಟ.

"ಬೇಡ ಡೆಲ್ಮರ್. ಇದಕ್ಕೆ ಹಿಡಿ ಇದೆ. ಬೇರೆ ಕಡೆ ಇದೆ, ಅಷ್ಟೆ."

ಹುಚ್ಚ! ಶುದ್ಧ ಹುಚ್ಚ! ನನ್ನ ಪೆಟ್ರೋಲು, ನನ್ನ ಬೆನ್ನು, ನನ್ನ ಒಂದು ವರ್ಷ! ಎಲ್ಲವನ್ನೂ ಅಲ್ಲೇ ಎಲ್ಲರೆದುರು ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಯಾವನೋ ಟೋಪಿಯವನು ಕೋವಿ ನೋಡುತ್ತಾ, ತನ್ನ ಕಾಫಿ ಲೋಟವನ್ನು ಆ ಖಾಲಿ ಜಾಗದಲ್ಲಿ ಇಡಲು ಬಗ್ಗಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

"ಕಣ್ಣು ಕಾಣ್ಸಲ್ವೇನ್ರೀ?" ಅಂದೆ. "ಅಲ್ಲಿ ಹಿಡಿ ಇದೆ."